ಪ್ರಸಾದ, ಉಪವಾಸ, ಮಧುಮೇಹ

ವೈದ್ಯರು ಸಿಹಿಯನ್ನು ನಿಷೇಧಿಸಿರುವಾಗ ಎಲೆಗೆ ಬಂದ ಹಯಗ್ರೀವವನ್ನು ಸಾಕೆಂದರೆ ಪ್ರಸಾದವನ್ನು ತಿರಸ್ಕರಿಸಿದ ದೋಷ ಬಂದೀತೇ? ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿಯಂದು ನಿರ್ಜಲರಾಗಿಯೇ ಇರಬೇಕೇ? ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಈ ಪ್ರಶ್ನೆಗಳು ಅಪರೂಪವಲ್ಲ. ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಅಂದಾಜಿಸಿದೆ.

ನಾವಿರುವ ಈ ನಾಡಿನದೇ ಒಂದು ಕಥೆಯನ್ನು ನೆನೆಯೋಣ. ಕುಚೇಲನ ಊರೆಂದು ಪ್ರಸಿದ್ಧವಾದ ಪೋರಬಂದರಿನಲ್ಲಿ ಇಂದಿಗೂ ಸುದಾಮನ ಮಂದಿರವಿದೆ. ಆತ ದ್ವಾರಕೆಗೆ ಒಯ್ದ ಅವಲಕ್ಕಿಯಲ್ಲಿ ಶ್ರೀಕೃಷ್ಣನು ಒಂದು ಹಿಡಿಯನ್ನು ಸ್ವೀಕರಿಸಿ ಎರಡನೆಯದಕ್ಕೆ ಕೈಯಿಟ್ಟಾಗ ರುಕ್ಮಿಣೀದೇವಿಯು ಆ ಕೈಯನ್ನು ತಡೆದಳೆಂದು ಭಾಗವತವು ತಿಳಿಸುತ್ತದೆ. ಒಂದು ಹಿಡಿಯಿಂದಲೇ ಕುಚೇಲನ ಭಕ್ತಿಯು ಪೂರ್ಣವಾಗಿ ಸ್ವೀಕೃತವಾಯಿತು. ಹಾಗಿರಲು, ನಾವು ಸ್ವೀಕರಿಸುವ ಪ್ರಸಾದದಲ್ಲಿ ಮಾತ್ರ ಅನುಗ್ರಹವನ್ನು ಸೌಟಿನಿಂದ ಅಳೆಯುವುದೇಕೆ? ಕಣಮಾತ್ರವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದವನು ಏನನ್ನೂ ತಿರಸ್ಕರಿಸಿದಂತಾಗುವುದಿಲ್ಲ.

ಪ್ರಾಣಿಗಳ ಉದರದಲ್ಲಿ ವೈಶ್ವಾನರನಾಗಿ ನಿಂತು ಅನ್ನವನ್ನು ಪಚನಗೊಳಿಸುವವನು ತಾನೇ ಎಂದು ಗೀತೆಯಲ್ಲಿ ಭಗವಂತನು ಹೇಳಿದ್ದಾನೆ. ಆದುದರಿಂದ ಭೋಜನವೂ ಆಹುತಿಯೇ. ಹೋಮಕುಂಡಕ್ಕೆ ಅಳತೆಮೀರಿ ತುಪ್ಪ ಸುರಿಯುವವನನ್ನು ಶ್ರದ್ಧಾವಂತನೆಂದು ಯಾರೂ ಕರೆಯರು.

ಇಲ್ಲಿ ಬಡಿಸುವವರಿಗೂ ಧರ್ಮವುಂಟು. ಗುಜರಾತಿನ ಆತಿಥ್ಯ ಪ್ರಸಿದ್ಧವಾದುದು. ದಾಲಿಗೂ ಬೆಲ್ಲ ಬೀಳುವ ನಾಡಿದು. ಶರತ್ಪೂರ್ಣಿಮೆಯ ಮರುದಿನ ಸೂರತ್ತಿನ ಮನೆಮನೆಯಲ್ಲೂ ಘಾರಿ, ದಸರೆಗೆ ಅಹಮದಾಬಾದಿನಲ್ಲಿ ಫಾಫ್ಡಾ-ಜಲೇಬಿ. ನಮ್ಮ ಪಂಕ್ತಿಗಳೇನೂ ಕಡಮೆಯಲ್ಲ. "ಒಂದೇ ಹೋಳಿಗೆ, ಏನೂ ಆಗೋದಿಲ್ಲ" ಎಂದು ರೋಗಿಯನ್ನು ಒತ್ತಾಯಿಸುವವರು ಉಪಚಾರ ಮಾಡುತ್ತಿಲ್ಲ. ತಮ್ಮ ಸಂತೋಷಕ್ಕಾಗಿ ಪರರ ದೇಹವನ್ನು ವ್ಯಯಮಾಡುತ್ತಿದ್ದಾರೆ.

ಏಕಾದಶಿಯ ಪ್ರಶ್ನೆ ಇನ್ನೂ ಗಂಭೀರವಾದುದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಆ ವ್ರತವನ್ನು ಎಷ್ಟು ಎತ್ತಿಹಿಡಿದಿದ್ದಾರೆಂಬುದನ್ನು ವಾಚಕರು ಬಲ್ಲರು. ದಶಮಿಯ ಮಧ್ಯಾಹ್ನ ಉಂಡವರು ಮತ್ತೆ ಉಣ್ಣುವುದು ದ್ವಾದಶಿಯ ಪ್ರಾತಃಕಾಲ, ಅಂದರೆ ಸುಮಾರು 40 ಗಂಟೆಗಳ ನಂತರ. ಆರೋಗ್ಯವಂತನಿಗೆ ಅದು ತಪಸ್ಸು. ಆದರೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿದು ಬೆವರು, ನಡುಕ, ಬುದ್ಧಿಭ್ರಮೆ, ಕೊನೆಗೆ ಪ್ರಜ್ಞಾಹೀನತೆಯೂ ಉಂಟಾಗಬಹುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಮಾತ್ರೆಗಳಲ್ಲಿ ನೀರಿಲ್ಲದ ಉಪವಾಸವು ಬೇರೊಂದು ಅಪಾಯ: ರಕ್ತವು ಆಮ್ಲಮಯವಾಗಬಹುದು. ಮಾತ್ರೆಯನ್ನು ತಾವೇ ನಿಲ್ಲಿಸುವುದೂ ಸರಿಯಲ್ಲ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ವಿದುರನೀತಿಯು ಎಣಿಸುವಾಗ ನೀರು, ಹಣ್ಣು, ಹಾಲುಗಳೊಡನೆ ಗುರುವಚನವನ್ನೂ ಔಷಧವನ್ನೂ ಸೇರಿಸಿದೆ. ಸಕ್ಕರೆ ಕುಸಿದ ಕ್ಷಣದಲ್ಲಿ ಒಂದು ಚಮಚ ಸಕ್ಕರೆಯೇ ಔಷಧ. ಅದನ್ನು ಬಾಯಿಗಿಡಲು ಯಾರೂ ಹಿಂಜರಿಯಬಾರದು.

"ಐವತ್ತು ವರ್ಷಗಳಲ್ಲಿ ಒಂದು ಏಕಾದಶಿಯನ್ನೂ ಬಿಟ್ಟವನಲ್ಲ" ಎಂಬ ಮಾತಿನಲ್ಲಿ ಶ್ರದ್ಧೆಯಿರುವಂತೆ ಅಭಿಮಾನವೂ ಅಡಗಿರಬಹುದು. ದೇಹವು ನಮ್ಮ ಸ್ವತ್ತಲ್ಲ, ಸಾಧನೆಗೆಂದು ಸ್ವತಂತ್ರನಾದ ಶ್ರೀಹರಿಯು ಇತ್ತುದು ಎಂದು ನಂಬುವವರು ಅದನ್ನು ಹಟಕ್ಕೆ ಒಡ್ಡಬಹುದೇ? ಪ್ರತಿಯಾಗಿ, ರೋಗದ ನೆಪದಲ್ಲಿ ಏಕಾದಶಿಯಂದು ಪೇಟೆಯ 'ಫರಾಳಿ' ತಿಂಡಿಗಳನ್ನು ತರಿಸಿಕೊಳ್ಳುವವರೂ ಇದ್ದಾರೆ. ಸಾಬುದಾನಿ ಬಹುತೇಕ ಪಿಷ್ಟವೇ; ಆಲೂಗಡ್ಡೆಯ ಚಿಪ್ಸಿನಲ್ಲಿ ಪಿಷ್ಟದೊಡನೆ ಎಣ್ಣೆಯೂ ಉಂಟು. ಅದು ವ್ರತವೂ ಅಲ್ಲ, ಪಥ್ಯವೂ ಅಲ್ಲ. ಚಾತುರ್ಮಾಸ್ಯದಲ್ಲಿಯೂ ಎಚ್ಚರ ಬೇಕು: ಶಾಕವ್ರತದಲ್ಲಿ ತರಕಾರಿ, ದ್ವಿದಳವ್ರತದಲ್ಲಿ ಬೇಳೆ ಹೋದಮೇಲೆ ಎಲೆಯಲ್ಲಿ ಅನ್ನವೇ ಹೆಚ್ಚುತ್ತದೆ.

ಸಿಹಿಯೊಂದನ್ನು ಬಿಟ್ಟರೆ ಸಾಲದೆಂಬುದು ಹಿಂದಿನವರಿಗೂ ತಿಳಿದಿತ್ತು. ಚರಕನು ಪ್ರಮೇಹದ ಕಾರಣಗಳಲ್ಲಿ ಬೆಲ್ಲದ ಪದಾರ್ಥಗಳೊಡನೆ ಹೊಸ ಧಾನ್ಯ, ಮೊಸರು, ನಿದ್ರಾಸುಖ ಮತ್ತು ಕುಳಿತೇ ಇರುವ ಸುಖವನ್ನೂ ಹೇಳಿದ್ದಾನೆ. ಪಥ್ಯಕ್ಕೆ ಜವೆಗೋಧಿಯನ್ನು ವಿಧಿಸಿದ್ದಾನೆ. ಇಲ್ಲಿನ ಚಳಿಗಾಲದ ಸಜ್ಜೆಯ ರೋಟ್ಲೋ ನಮ್ಮ ಸಜ್ಜೆಯ ರೊಟ್ಟಿಯೇ. ಅದರೊಡನೆ ಮೆಂತ್ಯದ ಸೊಪ್ಪು, ಹೆಸರುಬೇಳೆ. ಅನ್ನ ಒಂದು ಹಿಡಿ. ಏಕಾದಶಿಗೆ ಏನು ಮಾಡಬೇಕೆಂಬುದನ್ನು ದಶಮಿಗೆ ಮುನ್ನವೇ ವೈದ್ಯರಲ್ಲಿಯೂ ತಮ್ಮ ಗುರುಗಳಲ್ಲಿಯೂ ಕೇಳಿಟ್ಟುಕೊಳ್ಳುವುದು ಯುಕ್ತ. ಒಂಟಿಯಾಗಿ ವಾಸಿಸುವ ವೃದ್ಧರು ಅಂದು ನೆರೆಯವರಿಗೂ ತಿಳಿಸಿರಬೇಕು.