ಎತ್ತರ ಯಾರ ಸಂಪಾದನೆ?

ಅಪ್ರೈಸಲ್ ಸೀಸನ್ ಬಂತು ಅಂದ್ರೆ ಆಫೀಸಿನಲ್ಲಿ ಎರಡು ಮಾತು ಓಡಾಡುತ್ತವೆ. ಪ್ರಮೋಷನ್ ಸಿಕ್ಕವರು "ಕಷ್ಟಪಟ್ಟೆ, ಸಿಕ್ತು" ಅಂತಾರೆ. ಸಿಗದವರ ಬಗ್ಗೆ ಉಳಿದವರು "ಅವನಿಗೆ ಸೀರಿಯಸ್‌ನೆಸ್ ಇಲ್ಲ ಬಿಡಿ" ಅಂತಾರೆ. ಈ ಮಾತುಗಳಲ್ಲಿ ನಿಜ ಎಷ್ಟಿದೆ ಅಂತ ನೋಡೋಕೆ ಬಾಸ್ಕೆಟ್‌ಬಾಲ್ ಒಳ್ಳೆಯ ಜಾಗ. ಅಲ್ಲಿ ದೊಡ್ಡ ಬಂಡವಾಳವೇ ಎತ್ತರ. ಎತ್ತರವನ್ನು ಯಾರೂ ಓವರ್‌ಟೈಮ್ ಮಾಡಿ ಸಂಪಾದಿಸೋಕಾಗಲ್ಲ.

ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಸತ್ನಾಮ್ ಸಿಂಗ್ ಭಮರಾ ಏಳಡಿ ಎರಡಿಂಚು. ಲೂಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಫ್ಲೋರಿಡಾಕ್ಕೆ ಹೋದ. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವನನ್ನು ಡ್ರಾಫ್ಟ್‌ನ 52ನೇ ಆಯ್ಕೆಯಾಗಿ ತಗೊಂಡಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗ ಅವನೇ.

ಅವನ ತಂದೆಯೂ ತುಂಬಾ ಎತ್ತರದ ಆಳು. ಅವರು ರೈತರಾಗಿಯೇ ಉಳಿದರು, ಆಟಕ್ಕೆ ಅಂತ ಊರು ಬಿಡೋ ಅವಕಾಶ ಸಿಗಲಿಲ್ಲ. ಮನೆ ಒಂದೇ, ಮೈಕಟ್ಟೂ ಹೆಚ್ಚುಕಮ್ಮಿ ಒಂದೇ. ಒಬ್ಬರಿಗೆ ಗೋಧಿ ಹೊಲ, ಇನ್ನೊಬ್ಬರಿಗೆ ಡಲ್ಲಾಸ್. ನಡುವೆ ಬಂದದ್ದು ಒಂದು ಅಕಾಡೆಮಿ, ಎಸ್. ಸುಬ್ರಮಣಿಯನ್ ಅನ್ನೋ ಕೋಚ್, ಒಂದು ಸ್ಕಾಲರ್‌ಶಿಪ್. ಮಗ ಬೆವರು ಸುರಿಸಿದ್ದು ಸುಳ್ಳಲ್ಲ. ಆದರೆ ಅಪ್ಪ ಹೊಲದಲ್ಲಿ ಸುರಿಸಿದ್ದೂ ಬೆವರೇ ತಾನೇ?

ಈ ಪ್ರಶ್ನೆ ತತ್ವಶಾಸ್ತ್ರದವರನ್ನೂ ಕಾಡಿದೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ತಾವಾಗಿ ಅರ್ಹರಲ್ಲ ಅಂತ ಜಾನ್ ರಾಲ್ಸ್ 1971ರಲ್ಲಿ ವಾದಿಸಿದ. ಮೂರು ವರ್ಷದ ನಂತರ ರಾಬರ್ಟ್ ನೋಜಿಕ್ ಅದಕ್ಕೆ ಉತ್ತರ ಕೊಡುವಾಗ ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್‌ನನ್ನೇ ಉದಾಹರಣೆಗೆ ಎಳೆದು ತಂದ. ಅವನ ಆಟ ನೋಡೋಕೆ ಹತ್ತು ಲಕ್ಷ ಜನ ಖುಷಿಯಿಂದ ತಲಾ 25 ಸೆಂಟ್ ಹೆಚ್ಚಿಗೆ ಕೊಟ್ಟರೆ, ಆ ಎರಡೂವರೆ ಲಕ್ಷ ಡಾಲರ್ ಅವನದಲ್ಲ ಅನ್ನೋಕೆ ನೀವ್ಯಾರು? ಇದು ನೋಜಿಕ್‌ನ ವಾದದ ತಿರುಳು.

ಒಪ್ಪೋಣ, ಆ ದುಡ್ಡು ಅವನದೇ. ನಿಮ್ಮ ಸಂಬಳವೂ ನಿಮ್ಮದೇ. ಆದರೆ ಹಕ್ಕು ಬೇರೆ, ಯೋಗ್ಯತೆ ಬೇರೆ. ಸ್ಯಾಲರಿ ಸ್ಲಿಪ್ ತೋರಿಸೋದು ಹಕ್ಕನ್ನು ಮಾತ್ರ. ನಾವು ಅದನ್ನು ಯೋಗ್ಯತೆಯ ಸರ್ಟಿಫಿಕೇಟ್ ಅಂತ ಓದಿಬಿಡ್ತೀವಿ.

ಗೆದ್ದಾಗ ಅದೃಷ್ಟಕ್ಕೂ ಒಂದು ನಮಸ್ಕಾರ ಹಾಕೋದು ಸುಲಭ. ಕಷ್ಟ ಇರೋದು ಸೋತಾಗ. ಸತ್ನಾಮ್ ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಡಲ್ಲಾಸ್‌ನ ಕಿರಿಯ ತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ಸೀಸನ್ ಆಡಿದ. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷ ನಿಷೇಧವಾಯಿತು. 2022ರಲ್ಲಿ ಕುಸ್ತಿ ಶೋಗಳಿಗೆ ಇಳಿದ. ನಿಷೇಧದಂಥ ವಿಷಯದಲ್ಲಿ ಹೊಣೆ ಕೇಳೋದು ಸರಿಯೇ, ಎಲ್ಲವನ್ನೂ ಹಣೆಬರಹಕ್ಕೆ ಹಾಕೋಕಾಗಲ್ಲ. ಆದರೆ ಎನ್‌ಬಿಎ ಅಂಗಳಕ್ಕೆ ಇಳಿಯದೇ ಹೋದದ್ದು ಅವನ ಗುಣದ ಮೇಲಿನ ತೀರ್ಪಲ್ಲ. ಗೆಲುವಿನಲ್ಲಿ ಹತ್ತು ಜನರ ಪಾಲಿದ್ದರೆ ಸೋಲನ್ನು ಮಾತ್ರ ಒಬ್ಬನ ತಲೆಗೆ ಕಟ್ಟೋದು ಯಾವ ನ್ಯಾಯ?

ಬೀದರ್‌ನವರಿಗೆ ಪಂಜಾಬ್ ಅಷ್ಟೇನೂ ದೂರ ಅಲ್ಲ. ಗುರುನಾನಕ್ ಝರಾಕ್ಕೆ ಅಲ್ಲಿಂದ ಯಾತ್ರಿಕರು ಬರ್ತಾರೆ. ಹಾಗಾಗಿ ಈ ಕಥೆಯನ್ನು ಊರಿನ ಅಂಚಿನ ನೌಬಾದಕ್ಕೆ ತಂದು ನೋಡಿ. ಅಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಗೆಳತಿಯರಿಗಿಂತ ಒಂದು ಗೇಣು ಎತ್ತರ ಇದ್ದಾಳೆ ಅಂದುಕೊಳ್ಳಿ. ಬೆಂಗಳೂರು ಅಲ್ಲಿಂದ ಸುಮಾರು 700 ಕಿಲೋಮೀಟರ್. ಒಂದು ಬಾಸ್ಕೆಟ್, ಬರೋ ಕೋಚ್, ಸಂಜೆ ಆಡಿ ಬರೋಕೆ ಬಿಡೋ ಮನೆ ಇಲ್ಲದಿದ್ದರೆ, ಅವಳ ಎತ್ತರ "ಇವಳಿಗೆ ಗಂಡು ಎಲ್ಲಿ ಹುಡುಕೋದು" ಅನ್ನೋ ಚಿಂತೆಯಾಗಿ ಮುಗಿಯುತ್ತೆ. ಅವಳು ಸೋತಳು ಅಂತಲೂ ಯಾರಿಗೂ ಅನಿಸಲ್ಲ, ಆಟವೇ ಶುರುವಾಗಿರಲ್ಲವಲ್ಲ.

ಅದೇ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ನೆಲದಡಿ ಕೊರೆದ ಕಾಲುವೆ. ಇಳಿಜಾರಿನಿಂದಲೇ ನೀರು ಹರಿಯುತ್ತೆ, ಅಲ್ಲಲ್ಲಿ ಮೇಲಕ್ಕೆ ಬಾವಿಯಂಥ ಕಿಂಡಿಗಳು. ಕಿಂಡಿಯ ಬಳಿ ನಿಂತು ಸೇದುವವನ ತೋಳಿಗೆ ಶ್ರಮ ಇದ್ದೇ ಇದೆ. ಆದರೆ ನೀರು ಅಲ್ಲಿಯವರೆಗೆ ಬಂದದ್ದು ಐದಾರು ಶತಮಾನದ ಹಿಂದೆ ಯಾರೋ ಕತ್ತಲಲ್ಲಿ ಅಗೆದದ್ದರಿಂದ.

ಹಾಗಂತ ಇನ್‌ಕ್ರಿಮೆಂಟ್ ವಾಪಸ್ ಮಾಡಿ ಅಂತ ಯಾರೂ ಹೇಳ್ತಿಲ್ಲ. ತಗೊಳ್ಳಿ, ಪಾರ್ಟಿನೂ ಕೊಡಿ. ಜೊತೆಗೆ ನಿಮ್ಮೂರಿನ ಯಾವುದೋ ಒಂದು ಶಾಲೆಗೆ ಎರಡು ಬಾಸ್ಕೆಟ್ ಹಾಕಿಸಿ, ವಾರಕ್ಕೆ ಮೂರು ದಿನ ಬರೋ ಒಬ್ಬ ಕೋಚ್‌ನ ಖರ್ಚು ನಾಲ್ಕು ಜನ ಹಂಚಿಕೊಳ್ಳಿ. ಅದನ್ನು ದಾನ ಅಂತ ಮಾತ್ರ ಕರೀಬೇಡಿ. ನಾವು ಸೇದಿ ಕುಡಿದ ನೀರಿನ ಬಾಕಿ ಅದು.