ಸಂಕಲ್ಪದಿಂದ ಸಮರ್ಪಣೆಯವರೆಗೆ

ಪ್ರತಿದಿನ ಪ್ರಾತಃಕಾಲದಲ್ಲಿ ಸಂಧ್ಯಾವಂದನೆಗೆ ಕುಳಿತು ನಾವು ಸಂಕಲ್ಪ ಮಾಡುತ್ತೇವೆ. ಗೋದಾವರಿಯ ದಕ್ಷಿಣತೀರ, ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ಕ್ರಮವಾಗಿ ಉಚ್ಚರಿಸಿ, ಶ್ರೀವಿಷ್ಣುವಿನ ಪ್ರೇರಣೆಯಿಂದ, ಶ್ರೀವಿಷ್ಣುವಿನ ಪ್ರೀತಿಗಾಗಿ ಈ ಕರ್ಮವನ್ನು ಮಾಡುವೆನೆಂದು ಹೇಳಿ ನೀರು ಬಿಡುತ್ತೇವೆ. ಇಷ್ಟೆಲ್ಲವೂ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಮರುಗಳಿಗೆಯಲ್ಲಿ ಯಾರಾದರೂ ಕೇಳಿದರೆ, ಹೇಳಿದ ತಿಥಿ ಯಾವುದೆಂಬುದು ಅನೇಕರಿಗೆ ನೆನಪಿರುವುದಿಲ್ಲ.

ದೇಶಕಾಲಗಳ ಈ ದೀರ್ಘವಾದ ಉಚ್ಚಾರಣೆ ಏತಕ್ಕೆ? ಸರ್ವಜ್ಞನಾದ ಭಗವಂತನಿಗೆ ಇಂದು ಯಾವ ದಿನವೆಂದು ನಾವು ತಿಳಿಸಬೇಕಾದುದಿಲ್ಲ. ತಿಳಿಸಬೇಕಾದುದು ನಮ್ಮ ಮನಸ್ಸಿಗೆ. ಅದು ನಿನ್ನೆಯ ಜಗಳದಲ್ಲಿಯೋ, ನಾಳಿನ ಸಾಲದ ಕಂತಿನಲ್ಲಿಯೋ, ಪಕ್ಕದಲ್ಲಿಟ್ಟ ಮೊಬೈಲಿನಲ್ಲಿಯೋ ಇರುತ್ತದೆ. ಅದನ್ನು ಕರೆತಂದು, ನೀನು ಇರುವುದು ಈ ಸ್ಥಳದಲ್ಲಿ, ಈ ದಿನದಲ್ಲಿ, ಈ ಕಾರ್ಯಕ್ಕಾಗಿ ಎಂದು ಕೂರಿಸುವುದೇ ಸಂಕಲ್ಪ.

ಹಂಪೆಯ ಚಕ್ರತೀರ್ಥದಲ್ಲಿ ಶ್ರೀವ್ಯಾಸರಾಜರು ಪ್ರತಿಷ್ಠಿಸಿದ ಯಂತ್ರೋದ್ಧಾರಕ ಪ್ರಾಣದೇವರ ದರ್ಶನವನ್ನು ನಮ್ಮಲ್ಲಿ ಮಾಡದವರು ವಿರಳ. ಶ್ರೀಗಳು ಅಲ್ಲಿಯ ಬಂಡೆಯ ಮೇಲೆ ಅಂಗಾರದಿಂದ ಹನುಮಂತನ ರೂಪವನ್ನು ಬರೆದು ಧ್ಯಾನಕ್ಕೆ ಕುಳಿತರೆ, ಧ್ಯಾನ ಮುಗಿಯುವಷ್ಟರಲ್ಲಿ ಆ ಕಪಿಯು ಜೀವ ತಳೆದು ಹಾರಿಹೋಗುತ್ತಿತ್ತೆಂದೂ, 12 ದಿನ ಹೀಗೆಯೇ ನಡೆಯಲು ಕೊನೆಗೆ ಷಟ್ಕೋಣ ಯಂತ್ರವನ್ನು ರಚಿಸಿ ಅದರಲ್ಲಿ ಸ್ವಾಮಿಯನ್ನು ನೆಲೆಗೊಳಿಸಿದರೆಂದೂ ಐತಿಹ್ಯವಿದೆ. ಯಂತ್ರದ ಸುತ್ತ ಇಂದಿಗೂ 12 ಕಪಿಗಳನ್ನು ಕಾಣಬಹುದು. ಸ್ವಾಮಿಯ ಮಹಿಮೆ ಅಲ್ಲಿಯ ಮುಖ್ಯಾರ್ಥ. ಸಾಧಕರಾದ ನಮಗೆ ಮತ್ತೊಂದು ಪಾಠವೂ ಉಂಟು. ಹಾರಿಹೋದುದನ್ನು ಕಂಡು ಶ್ರೀಗಳು ಬೇಸರಿಸಲಿಲ್ಲ. ಮರುದಿನ ಮತ್ತೆ ಬರೆದರು. ನಮ್ಮ ದಿನಗಳೂ ಹೀಗೆಯೇ ಹಾರಿಹೋಗುವಂಥವು. ಅವುಗಳಿಗೆ ಸಂಕಲ್ಪವೇ ಯಂತ್ರ.

ಎಲ್ಲವೂ ವಿಷ್ಣುಪ್ರೇರಣೆಯಿಂದಲೇ ನಡೆಯುವುದಾದರೆ ನಾವು ಸಂಕಲ್ಪಿಸುವುದಕ್ಕೆ ಉಳಿದುದೇನು ಎಂದು ಯುವಕರು ಕೇಳುವುದುಂಟು. ಇದು ಉಪೇಕ್ಷಿಸಬಾರದ ಪ್ರಶ್ನೆ. ಶ್ರೀಮದಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಬಡಗಿಯ ದೃಷ್ಟಾಂತವನ್ನು ವಿವರಿಸಿದ್ದಾರೆ. ಬಡಗಿಯು ಕೆಲಸ ಮಾಡಿಸುವ ಯಜಮಾನನ ಅಧೀನನು. ಆದರೂ ಉಳಿ ಹಿಡಿದು ಕೆತ್ತುವ ಕರ್ತೃವು ಅವನೇ. ಜೀವನ ಕರ್ತೃತ್ವವೂ ಅಂಥದು. ಅದು ಸತ್ಯವಾದುದು, ಆದರೆ ಪರಾಧೀನವಾದುದು. ಸತ್ಯವಾದ ಕಾರಣ ನಾವು ಸಂಕಲ್ಪಿಸಬೇಕು. ಪರಾಧೀನವಾದ ಕಾರಣ ಕೃತಜ್ಞರಾಗಿರಬೇಕು. ಕರ್ತೃತ್ವವನ್ನು ಮರೆತವನು ಸೋಮಾರಿಯಾಗುತ್ತಾನೆ; ಅಧೀನತೆಯನ್ನು ಮರೆತವನು ಅಹಂಕಾರಿಯಾಗುತ್ತಾನೆ.

ಮತ್ತೊಂದು ಸಂದೇಹ ಗೃಹಸ್ಥರದು. ಕೋಟ್ಯಧೀಶನಾದ ಶ್ರೀನಿವಾಸ ನಾಯಕನು ಸರ್ವಸ್ವವನ್ನೂ ತ್ಯಜಿಸಿ ಪುರಂದರದಾಸರಾಗಿ ಮಧುಕರವೃತ್ತಿಯಿಂದ ಜೀವಿಸಿದನೆಂದು ಕೇಳಿದ್ದೇವೆ. ಅಂದಿನ ಭಿಕ್ಷೆ ಅಂದಿಗೆ, ನಾಳೆಗೆಂದು ಕೂಡಿಡುವಂತಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುವವನು, ಮಕ್ಕಳ ಶುಲ್ಕ ಕಟ್ಟಬೇಕಾದವನು, ವೃದ್ಧ ತಂದೆತಾಯಿಗಳ ಔಷಧಕ್ಕೆ ಹಣ ಹೊಂದಿಸಬೇಕಾದವನು ಹೀಗೆ ಬಾಳುವುದು ಸಾಧ್ಯವೇ? ಸಾಧ್ಯವಿಲ್ಲ, ಉಚಿತವೂ ಅಲ್ಲ. ನಾಳಿನ ವ್ಯವಸ್ಥೆ ಮಾಡುವುದು ಗೃಹಸ್ಥನ ಇಂದಿನ ಧರ್ಮ. ಆದರೆ ವ್ಯವಸ್ಥೆ ಬೇರೆ, ಚಿಂತೆ ಬೇರೆ. ಹಣವನ್ನು ನಾಳೆಗೆ ಕೂಡಿಡಬಹುದು. ಸ್ಮರಣೆಯನ್ನೂ, ಪ್ರೀತಿಯ ಮಾತನ್ನೂ, ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳುವ ಗಳಿಗೆಯನ್ನೂ ನಾಳೆಗೆ ಕೂಡಿಡಲಾಗದು. ಅವುಗಳ ವಿಷಯದಲ್ಲಿ ಗೃಹಸ್ಥನೂ ಮಧುಕರವೃತ್ತಿಯವನೇ.

ಹಂಪೆಯ ನದೀತೀರದಲ್ಲಿರುವ ಪುರಂದರ ಮಂಟಪವು ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುತ್ತದೆ. ಆ ಜಲಾಶಯವೇ 2024ರಲ್ಲಿ ನಮಗೆ ಕೃತಜ್ಞತೆಯ ಪಾಠವನ್ನು ಕಲಿಸಿತು. ಅಣೆಕಟ್ಟಿನಲ್ಲಿ 33 ತೂಬಿನ ಗೇಟುಗಳಿವೆ. ಆ ವರ್ಷ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ, ತುಂಬಿದ್ದ ಜಲಾಶಯದ ನೀರು ಹರಿದುಹೋಗತೊಡಗಿತು. ತಂತ್ರಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಮುಗಿಸಿದುದು ಆಗಸ್ಟ್ 17ರಂದು. ಕಂಪ್ಲಿಯ ಗದ್ದೆಗಳವರು, ಹೊಸಪೇಟೆಯ ಕಬ್ಬು ಬಾಳೆಗಳವರು ಆ ವಾರವೆಲ್ಲ ಅದೊಂದೇ ಮಾತನ್ನಾಡಿದರು. ಸುಮಾರು 70 ವರ್ಷ ನಿಷ್ಠೆಯಿಂದ ದುಡಿದ ಆ ಸರಪಳಿಯನ್ನು ಅದಕ್ಕೆ ಮೊದಲು ನೆನೆದವರಾರು? ವಿಜಯನಗರದ ಅರಸರ ಕಾಲದಲ್ಲಿ ಅಗೆದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅಗೆದವರ ಹೆಸರು ನಮಗೆ ತಿಳಿಯದು. ಕಳೆದುಕೊಂಡ ಮೇಲೆ ನೆನೆಯುವುದು ದುಃಖ. ಇರುವಾಗಲೇ ನೆನೆಯುವುದು ಕೃತಜ್ಞತೆ. ನೈವೇದ್ಯವಿಲ್ಲದೆ ಉಣ್ಣಬಾರದೆಂದು ಹಿರಿಯರು ವಿಧಿಸಿದುದರ ಒಂದು ತಾತ್ಪರ್ಯ ಇದೇ ಆಗಿದೆ. ತುತ್ತು ಬಾಯಿಗೆ ಬರುವ ಮೊದಲು ಅದು ಯಾರ ಪ್ರಸಾದವೆಂದು ನೆನೆಯಬೇಕು. ಬಿತ್ತಿದವರನ್ನೂ, ಬೇಯಿಸಿದ ಮನೆಯಾಕೆಯನ್ನೂ ಮರೆಯಬಾರದು.

ಆದುದರಿಂದ ಸಜ್ಜನರಲ್ಲಿ ಒಂದು ವಿನಂತಿ. ನಾಳೆ ಬೆಳಗ್ಗೆ ಸಂಕಲ್ಪವನ್ನು ನಿಧಾನವಾಗಿ ಹೇಳೋಣ. ತಿಥಿಯನ್ನು ಹೇಳುವಾಗ ಆ ದಿನವು ಮರಳಿ ಬಾರದೆಂಬುದನ್ನು ನೆನೆಯೋಣ. ಸ್ತ್ರೀಯರು ಹೊಸ್ತಿಲಿಗೆ ರಂಗವಲ್ಲಿ ಇಡುವಾಗಲೂ ಇದೇ ಭಾವವಿರಲಿ. ಆ ದಿನ ಮಾಡಬೇಕಾದ ಒಂದು ಒಳ್ಳೆಯ ಕಾರ್ಯವನ್ನು ಅಲ್ಲಿಯೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳೋಣ. ರಾತ್ರಿ ಮಲಗುವ ಮೊದಲು, ನಡೆದುದನ್ನೂ ನಡೆಯದೆ ಉಳಿದುದನ್ನೂ ಲೆಕ್ಕವೊಪ್ಪಿಸುವಂತೆ ಸ್ವಾಮಿಯ ಮುಂದಿಡೋಣ. ಬೆಳಗಿನ ಸಂಕಲ್ಪವೇ ಇಲ್ಲದಿದ್ದರೆ ರಾತ್ರಿಯ ಸಮರ್ಪಣೆಗೆ ಕೈಯಲ್ಲಿ ಏನಿರುತ್ತದೆ?

॥ ಶ್ರೀಕೃಷ್ಣಾರ್ಪಣಮಸ್ತು ॥