ಕಬ್ಬಿಣದ ಋಣ

ಮಲಪ್ರಭೆಯು ಉತ್ತರವಾಹಿನಿಯಾಗಿ ತಿರುಗುವ ತಾವಿನಲ್ಲಿ ನಿಂತು ಇಳಿಬಿಸಿಲಿನಲ್ಲಿ ಪಟ್ಟದಕಲ್ಲಿನ ಗುಡಿಗಳನ್ನು ನೋಡಿದವರಿಗೆ, ಹಿಂದಿನವರು ಈ ಊರನ್ನು ಕಿಸುವೊಳಲೆಂದು ಏಕೆ ಕರೆದರೆಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಕಿಸು ಎಂದರೆ ಕೆಂಪು, ಪೊಳಲೆಂದರೆ ಊರು. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಎತ್ತಿಸಿದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಆ ಕೆಂಪು ಇಂದಿಗೂ ಮಾಸಿಲ್ಲ. ಅಂಥ ಒಂದು ಸಂಜೆ ಆ ಬಣ್ಣವನ್ನು ಕಣ್ಣಿನಲ್ಲಿ ತುಂಬಿಕೊಂಡು ಬಾದಾಮಿಯ ದಾರಿ ಹಿಡಿದಿದ್ದಾಗ, ರಸ್ತೆಯ ಬದಿಯ ತಗಡಿನ ಚಪ್ಪರವೊಂದರ ಕೆಳಗೆ, ಗಾಲಿಗಳಿಲ್ಲದೆ ಇಟ್ಟಿಗೆಗಳ ಮೇಲೆ ಕುಳಿತಿದ್ದ ಹಳೆಯ ಅಂಬಾಸಡರ್ ಕಾರೊಂದು ನನಗೆ ಕಾಣಿಸಿತು. ಬಣ್ಣವನ್ನು ಕೆರೆದು ತೆಗೆದಿದ್ದ ಅದರ ಪಕ್ಕೆಗಳಲ್ಲಿ ತುಕ್ಕು ಹಬ್ಬಿತ್ತು. ಆ ತುಕ್ಕಿನ ವರ್ಣವೂ ನಾನು ಆಗತಾನೆ ಬಿಟ್ಟುಬಂದ ಗೋಡೆಯ ವರ್ಣವೂ ಒಂದೇ ಎಂಬುದನ್ನು ಕಂಡಾಗ, ಒಂದರ ಮುಂದೆ ಕೈಮುಗಿದು ಬಂದವನು ಇನ್ನೊಂದನ್ನು ಕಂಡು ಮುಖ ತಿರುಗಿಸುವುದು ಯಾವ ನ್ಯಾಯ ಎಂಬ ಪ್ರಶ್ನೆ ಮನಸ್ಸಿನಲ್ಲಿ ನೆಟ್ಟಿತು.

ಈ ಸಾಮ್ಯ ಕೇವಲ ಕಣ್ಣಿನ ಭ್ರಮೆಯಲ್ಲ. ಪಟ್ಟದಕಲ್ಲಿನ ಮರಳುಗಲ್ಲಿಗೆ ಕೆಂಪನ್ನು ಕೊಟ್ಟಿರುವುದು ಕಬ್ಬಿಣದ ಆಕ್ಸೈಡು; ಕಾರಿನ ತಗಡನ್ನು ತಿನ್ನುವ ತುಕ್ಕೂ ಅದೇ ಕುಲಕ್ಕೆ ಸೇರಿದ ವಸ್ತು. ಭೂಮಿಯೊಳಗೆ ಕಬ್ಬಿಣವು ಸಾಮಾನ್ಯವಾಗಿ ಇರುವುದೇ ಆಮ್ಲಜನಕದೊಡನೆ ಕೂಡಿಕೊಂಡು, ಕೆಂಪುಮಣ್ಣಾಗಿ, ಕೆಂಪು ಅದಿರಾಗಿ. ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಕಬ್ಬಿಣವನ್ನು ತೆಗೆಯಲಾರಂಭಿಸಿದಾಗ ಅದಕ್ಕೆ ಅದಿರನ್ನು ಒದಗಿಸಿದ ಬೆಟ್ಟದ ಹೆಸರು ಕೆಮ್ಮಣ್ಣುಗುಂಡಿ ಎಂಬುದನ್ನು ನೆನೆದರೆ, ನಮ್ಮ ಭಾಷೆಗೆ ಈ ರಹಸ್ಯ ರಸಾಯನಶಾಸ್ತ್ರಕ್ಕಿಂತ ಮೊದಲೇ ತಿಳಿದಿತ್ತೆಂದು ತೋರುತ್ತದೆ. ಮಲೆನಾಡಿನ ಮರವನ್ನು ಇದ್ದಿಲಾಗಿಸಿ, ಆ ಇದ್ದಿಲಿನ ಉರಿಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಬಲಾತ್ಕಾರವಾಗಿ ಬೇರ್ಪಡಿಸಿದಾಗ ಮಾತ್ರ ಹೊಳೆಯುವ ಲೋಹ ನಮ್ಮ ಕೈಗೆ ಬರುತ್ತಿತ್ತು. ಅಂದರೆ, ಉಕ್ಕು ನಾವು ಪ್ರಕೃತಿಯಿಂದ ದಾನವಾಗಿ ಪಡೆದುದಲ್ಲ, ಸಾಲವಾಗಿ ತಂದದ್ದು; ಗಾಳಿಯೂ ನೀರೂ ಕೂಡಿ ಬಂದು ಅದನ್ನು ಮತ್ತೆ ಕೆಮ್ಮಣ್ಣಾಗಿಸುವುದು ವಿಕೃತಿಯಲ್ಲ, ಸಾಲಿಗನು ತನ್ನದನ್ನು ಕೇಳುವ ಕ್ರಮ. ಗುಡಿಯ ಕಲ್ಲಿನಲ್ಲಿರುವ ಕಬ್ಬಿಣವು ಎಂದೋ ಋಣಮುಕ್ತವಾಗಿ ನೆಮ್ಮದಿಯಿಂದಿದೆ. ಕಾರಿನ ತಗಡಿನಲ್ಲಿರುವುದು ಇನ್ನೂ ಋಣದಲ್ಲಿದೆ. ಹಾಗಿದ್ದ ಮೇಲೆ ಹಳೆಯ ಕಾರಿನ ಒಡಲನ್ನು ದುರಸ್ತಿ ಮಾಡಹೊರಟವನು ಮಾಡುತ್ತಿರುವುದೇನು? ಸಾಲಿಗನೊಡನೆ ಯುದ್ಧವೇ, ವಂಚನೆಯೇ, ಅಥವಾ ಗಡುವನ್ನು ಮುಂದೂಡಿಕೊಳ್ಳುವ ಪ್ರಾಮಾಣಿಕವಾದ ಬೇಡಿಕೆಯೇ? ಕೊನೆಯದೆಂದು ನನ್ನ ವಾದ; ಪ್ರಾಮಾಣಿಕತೆ ತಪ್ಪಿದರೆ ಅದೇ ಕೆಲಸ ಎರಡನೆಯದಾಗುತ್ತದೆಂಬುದೂ ಅದೇ ವಾದದ ಭಾಗ.

ಚಪ್ಪರದ ಕೆಳಗಿದ್ದ ಮೇಸ್ತ್ರಿಯ ಕೆಲಸವನ್ನು ನಾನು ಆ ಸಂಜೆಯೂ ಮುಂದಿನ ಕೆಲವು ದಿನಗಳೂ ನೋಡಿದೆನು. ಅವರು ಮೊದಲು ಮಾಡಿದುದು ನೋಡುವುದಲ್ಲ, ಕೇಳುವುದು. ಸಣ್ಣ ಸುತ್ತಿಗೆಯಿಂದ ಬಾಗಿಲ ಮೇಲಿನಿಂದ ಕೆಳಗಿನವರೆಗೆ ಮೆಲ್ಲನೆ ಬಡಿಯುತ್ತ ಬಂದರು. ಗಟ್ಟಿ ಇರುವ ಪತ್ರಾ ಠಣ್ಣೆಂದಿತು, ಒಳಗಿನಿಂದ ತಿಂದುಹೋದುದು ದಬ್ಬೆಂದಿತು. ಆ ಬಳಿಕ ಅಯಸ್ಕಾಂತವೊಂದನ್ನು ತಗಡಿನ ಮೇಲೆ ಸರಿಸಿದರು. ಒಂದೆಡೆ ಅದು ಹಿಡಿತ ತಪ್ಪಿ ಜಾರಿತು. ಹಿಂದೆ ಯಾರೋ ಅಲ್ಲಿ ತೂತನ್ನು ಪುಟ್ಟಿ ಮೆತ್ತಿ ಮುಚ್ಚಿದ್ದರು. ಮೇಸ್ತ್ರಿ ಆ ಪುಟ್ಟಿಯನ್ನು ಒಡೆದು ತೆಗೆದಾಗ ಅದರ ಬೆನ್ನಿಗೆ ಅಂಟಿಕೊಂಡು ಬಂದುದು ಲೋಹವಲ್ಲ, ಬೆರಳಲ್ಲಿ ಉಜ್ಜಿದರೆ ಕುಂಕುಮದಂತೆ ಉದುರುವ ಕೆಂಪು ಹುಡಿ. ತುಕ್ಕಿನ ಸ್ವಭಾವವೇ ಅಂಥದು. ಅಲ್ಯೂಮಿನಿಯಮ್ಮಿನ ಆಕ್ಸೈಡು ಮೇಲೆ ಬಿಗಿಯಾದ ಪೊರೆಯಾಗಿ ನಿಂತು ಒಳಗಿನದನ್ನು ಕಾಯುತ್ತದೆ, ಕಬ್ಬಿಣದ ತುಕ್ಕಾದರೋ ಮೂಲಲೋಹಕ್ಕಿಂತ ಹಲವು ಪಟ್ಟು ಉಬ್ಬಿ, ಸಡಿಲವಾಗಿ ಪದರು ಬಿಟ್ಟು, ತನ್ನ ಹಿಂದಿರುವ ಲೋಹಕ್ಕೆ ಗಾಳಿನೀರುಗಳನ್ನು ದಾರಿ ತೋರಿಸಿ ಕರೆತರುತ್ತದೆ. ಮುಚ್ಚಿದ ತುಕ್ಕು ನಿಲ್ಲುವುದಿಲ್ಲ, ಕಾಣದಂತೆ ಬೆಳೆಯುತ್ತದೆ.

ಅವರು ಬಾಗಿಲನ್ನು ಬೆಳ್ಳಗೆ ಹೊಳೆಯುವ ಲೋಹ ಸಿಕ್ಕುವವರೆಗೂ ಕತ್ತರಿಸುತ್ತ ಹೋದರು. ತೂತು ಅಂಗೈಯಗಲವಿತ್ತು, ಕತ್ತರಿಸಿದುದು ಮೊಳದುದ್ದವಾಯಿತು. ಒಂದು ಮಿಲಿಮೀಟರಿನ ಆಸುಪಾಸಿನ ಹೊಸ ಪತ್ರಾವನ್ನು ತೆಗೆದುಕೊಂಡು, ಮೂಲೆಗಳನ್ನು ದುಂಡಗೆ ಮಾಡಿ, ಹಿಂದೆ ಡಾಲಿಯೆಂಬ ಆನಿಕೆಯ ಗಟ್ಟಿಯನ್ನು ಹಿಡಿದು ಮುಂದೆ ಸುತ್ತಿಗೆಯಿಂದ ಬಡಿಯುತ್ತ, ಹಳೆಯ ಬಾಗಿಲಿನ ಬಾಗನ್ನು ಹೊಸ ತಗಡಿಗೆ ಕಲಿಸಿದರು. ಬೆಸುಗೆಯನ್ನು ಒಂದೇ ಸಲಕ್ಕೆ ಎಳೆಯಲಿಲ್ಲ. ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ, ನಡುವೆ ಒದ್ದೆ ಬಟ್ಟೆಯ ಶೈತ್ಯ. ಆತುರಪಟ್ಟರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅಂಬಾಸಡರಿಗೆ ಲಾರಿಯಂತೆ ಬೇರೊಂದು ಚೌಕಟ್ಟಿಲ್ಲ, ಒಡಲೇ ಅದರ ಎಲುಬು. ಆದುದರಿಂದ ಬಾಗಿಲ ಕೆಳಗಿನ ಪಟ್ಟಿಯಲ್ಲಿಯೋ ನೆಲದಲ್ಲಿಯೋ ಬಿದ್ದ ತೂತನ್ನು ಪುಟ್ಟಿಯಿಂದ ಮುಚ್ಚುವುದು ಬರಿಯ ಕುರೂಪವಲ್ಲ, ಒಳಗೆ ಕುಳಿತುಕೊಳ್ಳುವವರ ಪ್ರಾಣದ ವಿಷಯದಲ್ಲಿ ಹೇಳಿದ ಸುಳ್ಳು. ಶಿಲ್ಪಶಾಸ್ತ್ರಗಳು ಕಲ್ಲನ್ನು ಬಡಿದು, ಅದರ ನಾದದಿಂದ ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಭಾಗಿಸಿ, ನಾದವಿಲ್ಲದ ಕಲ್ಲನ್ನು ಮೂರ್ತಿಗೆ ಬಳಸಕೂಡದೆಂದು ವಿಧಿಸಿವೆಯಷ್ಟೆ. ಸತ್ತುದನ್ನು ಬದುಕಿರುವುದರಿಂದ ಬೇರ್ಪಡಿಸುವ ಅದೇ ವಿವೇಕ ಈ ಚಪ್ಪರದ ಕೆಳಗೂ ಇತ್ತು. ದುರಸ್ತಿಯ ಮೊದಲ ಧರ್ಮ ಕೂಡಿಸುವುದಲ್ಲ. ಎಲ್ಲಿಯವರೆಗೆ ಕತ್ತರಿಸಬೇಕೆಂಬುದನ್ನು ಮರುಕವಿಲ್ಲದೆ, ದುರಾಸೆಯೂ ಇಲ್ಲದೆ ಅರಿಯುವುದು.

ಹೀಗೆ ಬಾಗಿಲು ಹೋಗಿ, ನೆಲ ಹೋಗಿ, ಪಕ್ಕೆ ಹೋಗಿ ಹೊಸದು ಬಂದ ಮೇಲೆ ಆ ಕಾರು ಅದೇ ಕಾರೆಂದು ಹೇಗೆ ಹೇಳುವುದೆಂದು ಯಾರಾದರೂ ಕೇಳಬಹುದು. ಮಿಲಿಂದ ಮಹಾರಾಜನಿಗೆ ಭಿಕ್ಷು ನಾಗಸೇನನು ಇಂಥದೇ ಪ್ರಶ್ನೆಯನ್ನು ಹಾಕಿದನು: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಡುವ ಹೆಸರು ರಥ. ಈ ಉತ್ತರದಿಂದ ವಸ್ತುವಿಗೆ ಸತ್ತ್ವವೇ ಇಲ್ಲವೆಂಬ ವೈರಾಗ್ಯಕ್ಕೆ ಹೋಗುವವರುಂಟು. ನನಗಾದರೋ ಅದರಿಂದ ಬೇರೊಂದು ಅರ್ಥ ಹೊಳೆಯುತ್ತದೆ. ಹೆಸರು ಬಿಡಿಭಾಗಗಳಲ್ಲಿ ಇಲ್ಲವಾದರೆ, ಅದನ್ನು ಇಟ್ಟು ನಡೆಸಿಕೊಂಡು ಬರುವವರ ಹೊಣೆಯಲ್ಲಿದೆ. 1958ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಆ ಜಾತಿಯ ಕಾರುಗಳು ಈಗ ಹೊಸದಾಗಿ ಹುಟ್ಟುವುದಿಲ್ಲ. ಉಳಿದಿರುವ ಪ್ರತಿಯೊಂದೂ ಉಳಿದಿರುವುದು ಯಾರೋ ಒಬ್ಬರು ಇದು ನನ್ನದೆಂದು ಉತ್ತರ ಕೊಡುತ್ತಿರುವುದರಿಂದ. ಆ ಹೊಣೆಯ ಎಳೆ ಕಡಿಯದಿದ್ದರೆ ತಗಡು ಬದಲಾದರೂ ವಸ್ತು ಅದೇ. ಎಳೆ ಕಡಿದರೆ ತಗಡು ಅದೇ ಆಗಿದ್ದರೂ ಅದು ಗುಜರಿ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ಹಳೆಯ ಒಡಲನ್ನು ಮೊದಲಿನಂತೆ ಮಾಡದೆ ಬೇರೆಯೇ ಆಗಿ ಮಾಡುವುದು ಸರಿಯೆ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಯುವಕರು 1932ರ ಫೋರ್ಡಿನಂಥ ಅಗ್ಗದ ಹಳೆಯ ಕಾರುಗಳನ್ನು ಕೊಂಡು, ಮಡ್‌ಗಾರ್ಡುಗಳನ್ನು ಕಳಚಿ, ಮಾಡನ್ನು ತಗ್ಗಿಸಿ, ಹೆಚ್ಚಿನ ಶಕ್ತಿಯ ಎಂಜಿನನ್ನು ಕೂಡಿಸಿ, ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸಿ ನೋಡಿದರು. ಅಂಥ ವಾಹನಕ್ಕೆ ಹಾಟ್ ರಾಡ್ ಎಂದು ಹೆಸರಾಯಿತು. ಆ ಹೆಸರು ನಮ್ಮ ಕಡೆ ಅಪರಿಚಿತವಾದರೂ ಕೃತ್ಯ ಅಪರಿಚಿತವಲ್ಲ. ಅಂಬಾಸಡರಿನ ಪೆಟ್ರೋಲ್ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನನ್ನು ಏರಿಸಿದ ಟ್ಯಾಕ್ಸಿಗಳನ್ನು ನಾವೆಲ್ಲ ಹತ್ತಿದ್ದೇವೆ. ಮೂಲರೂಪವೇ ಪವಿತ್ರವೆನ್ನುವವರು ಇದನ್ನು ಅಪಚಾರವೆನ್ನುತ್ತಾರೆ. 2021ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮವೂ ಐವತ್ತು ವರ್ಷ ದಾಟಿದ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮನ್ನಣೆಯನ್ನು ಕೊಡುತ್ತದೆ. ಈ ವಿಧಿ ಯುಕ್ತವೇ. ತನ್ನ ಕಾಲಕ್ಕೆ ಸಾಕ್ಷಿಯಾಗಿ ನಿಂತಿರುವ ವಸ್ತುವಿನ ಬಾಯಲ್ಲಿ ಬೇರೆ ಮಾತನ್ನು ತುರುಕಬಾರದು. ಆದರೆ ಸಾಕ್ಷ್ಯ ನುಡಿಯಲು ನಾಲಗೆಯೇ ಉಳಿದಿಲ್ಲದ, ಅರ್ಧ ಒಡಲು ಕೆಮ್ಮಣ್ಣಾದ ಕಾರಿನ ಗತಿ ಏನು? ಅದಕ್ಕೆ ಕುಲುಮೆಯೊಂದೇ ದಾರಿಯೇ?

ಇಲ್ಲಿ ನನಗೆ ನಮ್ಮ ಕೌದಿ ನೆನಪಾಗುತ್ತದೆ. ಉಟ್ಟು ಉಟ್ಟು ಜೀರ್ಣವಾದ ಇಳಕಲ್ಲ ಸೀರೆಯನ್ನು ನಮ್ಮ ಅಜ್ಜಿಯರು ಎಸೆಯುತ್ತಿರಲಿಲ್ಲ; ಗಟ್ಟಿ ಇರುವ ಭಾಗಗಳನ್ನು ಆರಿಸಿ, ಬೇರೆ ಸೀರೆಗಳ ಚೂರುಗಳೊಡನೆ ಹೊಂದಿಸಿ, ದಪ್ಪ ಹೊಲಿಗೆಯಿಂದ ಕೌದಿಯಾಗಿ ಮಾಡುತ್ತಿದ್ದರು. ಆ ಕೌದಿ ತಾನು ಸೀರೆಯೆಂದು ಎಂದೂ ಹೇಳಿಕೊಳ್ಳಲಿಲ್ಲ, ಸೀರೆಯಾಗಿದ್ದುದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಆದರೆ ಹೊಸ ಸೀರೆಯನ್ನು ಕತ್ತರಿಸಿ ಕೌದಿ ಹೊಲಿದ ಅಜ್ಜಿಯನ್ನು ಯಾರೂ ಕಂಡಿಲ್ಲ. ಮಾರ್ಪಾಡಿನ ಮರ್ಯಾದೆಯೆಲ್ಲ ಈ ಒಂದು ಸಂಯಮದಲ್ಲಿದೆ. ಇಡಿಯಾಗಿ ಉಳಿದಿರುವ ಒಡಲನ್ನು ಶೋಕಿಗಾಗಿ ಕತ್ತರಿಸುವುದು ಹಿಂಸೆ. ಇಡಿಯಾಗಿ ಉಳಿಯಲಾರದುದಕ್ಕೆ ಹೊಸ ರೂಪ ಕೊಡುವುದು ಕರುಣೆ. ಪಟ್ಟದಕಲ್ಲಿನ ಪಾಪನಾಥನ ಗುಡಿಯನ್ನೇ ನೋಡಿರಿ: ನೆತ್ತಿಯ ಮೇಲೆ ಉತ್ತರದೇಶದ ರೇಖಾನಾಗರ ಶಿಖರ, ಗೋಡೆಯ ಮೇಲಂಚಿನಲ್ಲಿ ದ್ರಾವಿಡದ ಸಾಲು, ಭಿತ್ತಿಯಲ್ಲಿ ರಾಮಾಯಣ ಭಾರತಗಳ ಕಥೆ. ಕಟ್ಟುತ್ತ ಕಟ್ಟುತ್ತ ಯೋಜನೆ ಬದಲಾದುದರ ಗುರುತುಗಳು ಅದರ ಮೈಮೇಲೆಯೇ ಇವೆ. ಶುದ್ಧಶೈಲಿಯೊಂದನ್ನೇ ಬಯಸುವವನು ಅದನ್ನು ಮೆಚ್ಚಲಾರನು. ಆದರೂ ಮನುಷ್ಯರು ಯೋಚಿಸುತ್ತ, ಬದಲಾಯಿಸುತ್ತ, ಕೈಬಿಡದೆ ಮುಗಿಸಿದುದರ ಹುರುಪು ಆ ಗುಡಿಯಲ್ಲಿರುವಂತೆ ಬೇರೆಡೆ ಕಾಣುವುದು ವಿರಳ.

ಹಳೆಯದೂ ಹೊಸದೂ ಸೇರುವ ಕೂಡುಗೆರೆಯನ್ನು ತೋರಿಸಬೇಕೆ, ಮರೆಸಬೇಕೆ? 1964ರ ವೆನಿಸ್ ಸನ್ನದು ಸ್ಮಾರಕಗಳ ವಿಷಯದಲ್ಲಿ ಒಂದು ಸೂತ್ರವನ್ನು ಕೊಟ್ಟಿದೆ: ಹೊಸದಾಗಿ ಸೇರಿಸಿದುದು ಇಡಿಯೊಡನೆ ಸಾಮರಸ್ಯದಿಂದಿರಬೇಕು, ಆದರೆ ಹಳೆಯದರಿಂದ ಬೇರೆಯೆಂದು ಗುರುತಿಸಲೂ ಬರಬೇಕು. ಇಳಕಲ್ಲ ನೇಕಾರನು ಈ ಸೂತ್ರವನ್ನು ಓದದೆಯೇ ಆಚರಿಸುತ್ತ ಬಂದಿದ್ದಾನೆ. ಸೀರೆಯ ಮೈಯ ಹಾಸೆಳೆ ಬೇರೆ, ಸೆರಗಿನ ಹಾಸೆಳೆ ಬೇರೆ. ಎರಡನ್ನೂ ಮಗ್ಗದ ಮೇಲೆ ಕುಣಿಕೆ ಕುಣಿಕೆಯಾಗಿ ಕೂಡಿಸುವ ಟೋಪ್ ತೆನೆಯಲ್ಲಿ ಸಂಧಿ ಅಡಗುವುದಿಲ್ಲ, ಸೀರೆಯ ಅಂದವೇ ಆಗುತ್ತದೆ. ಕಾರಿನ ಬೆಸುಗೆಯನ್ನು ಅರೆದು ನುಣುಪು ಮಾಡುವುದರಲ್ಲಿ ದೋಷವಿಲ್ಲ. ಅದರ ಹಿಂದೆ ಗಟ್ಟಿ ಲೋಹವಿದ್ದು, ಕೇಳಿದವರಿಗೆ ಇಲ್ಲಿ ಕತ್ತರಿಸಿದೆವು, ಇದನ್ನು ಸೇರಿಸಿದೆವು ಎಂದು ಹೇಳುವ ಧೈರ್ಯ ಒಡೆಯನಿಗಿದ್ದರೆ ಸಾಕು. ಅಥೆನ್ಸಿನ ಪಾರ್ಥೆನಾನನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೋಡಿಸಿದವರು ಕಲ್ಲುಗಳ ನಡುವೆ ಕಬ್ಬಿಣದ ಕೊಂಡಿಗಳನ್ನು ಹಾಕಿದರು; ಪ್ರಾಚೀನರು ತಮ್ಮ ಕೊಂಡಿಗಳ ಸುತ್ತ ಸೀಸವನ್ನೆರೆದು ಕಾಪಾಡಿದ್ದುದನ್ನು ಇವರು ಮರೆತರು. ಕಬ್ಬಿಣ ತುಕ್ಕುಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. 1975ರ ಬಳಿಕ ಅವನ್ನು ಕಿತ್ತು ಟೈಟೇನಿಯಮ್ಮಿನ ಕೊಂಡಿಗಳನ್ನು ಇಡಬೇಕಾಯಿತು. ಉಳಿಸಲು ಬಂದ ಕಬ್ಬಿಣಕ್ಕೂ ಋಣವಿದೆಯೆಂಬುದನ್ನು ಮರೆತವನ ಉಪಕಾರ ಹೀಗೆ ಅಪಕಾರವಾಗುತ್ತದೆ.

ಆದುದರಿಂದ ದುರಸ್ತಿಯು ವಸ್ತುವನ್ನು ಅಮರವಾಗಿಸುವುದಿಲ್ಲ. ಹಾಗೆಂದು ಹೇಳುವವನ ಕೈಯಲ್ಲಿ ಪುಟ್ಟಿಯಿರುತ್ತದೆ. ಅದು ಸಾಲವನ್ನು ಒಪ್ಪಿಕೊಂಡು ಬಡ್ಡಿಯನ್ನು ಕಟ್ಟುತ್ತ ಹೋಗುವ ಕೆಲಸ, ಮತ್ತು ಆ ಬಡ್ಡಿಯ ಹೆಸರು ಎಚ್ಚರ. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಮಾಡಿನಲ್ಲಿ ಚಪ್ಪಡಿಗಳು ಕೂಡುವೆಡೆಯಲ್ಲೆಲ್ಲ ಕಲ್ಲಿನ ಉದ್ದನೆಯ ಪಟ್ಟಿಗಳನ್ನು ಹೊದಿಸಿಟ್ಟವರು ದೇವರಿಗೆ ಮನೆ ಕಟ್ಟುವಾಗಲೂ ಮಳೆಯನ್ನು ಮರೆತಿರಲಿಲ್ಲ. ಮೇಸ್ತ್ರಿಯೂ ಮರೆಯಲಿಲ್ಲ. ಕೊನೆಯ ದಿನ, ಪ್ರೈಮರ್ ಒಣಗಿದ ಮೇಲೆ, ಅವರು ಬಾಗಿಲ ತಳದಲ್ಲಿದ್ದ ಎರಡು ಸಣ್ಣ ರಂಧ್ರಗಳನ್ನು ಸೈಕಲ್ಲಿನ ಕಡ್ಡಿಯಿಂದ ಚುಚ್ಚಿ ಬಿಡಿಸಿದರು. ಕಿಟಕಿಯ ಸಂದಿನಿಂದ ಇಳಿದ ಮಳೆನೀರು ಹೊರಗೆ ಹೋಗಲೆಂದು ಇದ್ದ ಆ ರಂಧ್ರಗಳು ಧೂಳು ಕಟ್ಟಿ ಮುಚ್ಚಿಹೋಗಿದ್ದುದೇ ಇಷ್ಟೆಲ್ಲ ತುಕ್ಕಿಗೆ ಮೂಲವಾಗಿತ್ತು. ಬಳಿಕ ಒಂದು ತಂಬಿಗೆ ನೀರನ್ನು ಕಿಟಕಿಯ ಸಂದಿನಲ್ಲಿ ಹೊಯ್ದು, ಮೊಣಕಾಲೂರಿ ಕುಳಿತು, ಅದು ಕೆಳಗಿನಿಂದ ಎಳೆಯಾಗಿ, ಹನಿಯಾಗಿ ಇಳಿದು ಪೂರ್ತಿ ಬರಿದಾಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ.